ಮೀಟರ್ ಹೇಳಿದ ಲೆಕ್ಕ, ನಾವು ಕೂಡಿಸುವ ಲೆಕ್ಕ

(ಸುವರ್ಣ ಮಹೋತ್ಸವದ ದಿನ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಹಳೆಯ ಗ್ರೂಪ್ ಫೋಟೋಗಳನ್ನು ಹೊರಗೆ ಸಾಲಾಗಿ ಇಟ್ಟಿದ್ದಾರೆ. ಕೆಲವುದರಲ್ಲಿ ಬಿಳಿ ಶರಟು, ಸುಣ್ಣದ ಗೋಡೆ ಕಾಣುತ್ತವೆ. ಮುಖಗಳು ಮಾತ್ರ ಕತ್ತಲೆ. "ಬಿಸಿಲಲ್ಲಿ ಬೆಳೆದ ಮಕ್ಕಳು, ಫೋಟೋ ಹಾಗೇ ಬರೋದು" ಅನ್ನುವವರಿದ್ದಾರೆ. ಮಕ್ಕಳ ಮೈಬಣ್ಣದಲ್ಲಿ ಯಾವ ತಪ್ಪೂ ಇಲ್ಲ. ತಪ್ಪಿರುವುದು ಬೆಳಕಿನ ಲೆಕ್ಕದಲ್ಲಿ.

ಬೆಳಕನ್ನು ಅಳೆಯುವ ಕೈಮೀಟರ್ ಇದು. ದೂರದಿಂದ ವಸ್ತುವಿನ ಕಡೆ ತಿರುಗಿಸಿದರೆ, ಅಲ್ಲಿಂದ ಹಿಂತಿರುಗಿ ಬರುವ ಬೆಳಕನ್ನು ಅಳೆಯುತ್ತದೆ. ಎದುರಿಗಿರುವುದು ಏನೆಂದು ಅದಕ್ಕೆ ಗೊತ್ತಿಲ್ಲ. ಎಲ್ಲವೂ ನಡುಮಟ್ಟದ ಬೂದುಬಣ್ಣ ಎಂದೇ ಲೆಕ್ಕ ಹಾಕುತ್ತದೆ. ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಹಿಂತಿರುಗಿಸುವ ಬೂದು ಎಂದು ಫೋಟೋಗ್ರಾಫರುಗಳು ಹೇಳುವುದು ಇದನ್ನೇ.

ಬಿಳಿ ಸಮವಸ್ತ್ರದ ಮಕ್ಕಳು ಬಿಳಿ ಗೋಡೆಯ ಮುಂದೆ ನಿಂತರೆ ಮೀಟರ್ "ಬೆಳಕು ಜಾಸ್ತಿ ಇದೆ, ಕಡಿಮೆ ಮಾಡು" ಎನ್ನುತ್ತದೆ. ಕೇಳಿದರೆ ಗೋಡೆ ಬೂದಾಗುತ್ತದೆ, ಮುಖ ಕತ್ತಲಾಗುತ್ತದೆ. ಆಗ ನಾವು ಒಂದರಿಂದ ಎರಡು ಸ್ಟಾಪ್ ಬೆಳಕು ಕೂಡಿಸಬೇಕು. ಮೀಟರ್ ಎಫ್ 16 ತೋರಿಸಿದರೆ, ಒಂದು ಸ್ಟಾಪಿಗೆ 11, ಎರಡಕ್ಕೆ 8. ಒಂದೊಂದು ಸ್ಟಾಪಿಗೂ ಬೆಳಕು ಎರಡರಷ್ಟಾಗುತ್ತದೆ. ಕರೀ ಎಮ್ಮೆಯ ಮೈ ಮಾತ್ರ ಅಳೆದರೆ ಇದರ ತಿರುಗುಮುರುಗು: ಅಲ್ಲಿ ಒಂದು ಸ್ಟಾಪ್ ಕಳೆಯಬೇಕು. ಹೀಗೆ ಕೂಡಿಸಿ ಕಳೆಯುವುದೇ ಎಕ್ಸ್‌ಪೋಷರ್ ಕಾಂಪೆನ್ಸೇಷನ್.

ಇನ್ನೊಂದು ದಾರಿಯಿದೆ. ಮೀಟರಿನ ಬಿಳಿ ಗುಮ್ಮಟವನ್ನು ಮುಖದ ಹತ್ತಿರ, ಕ್ಯಾಮೆರಾ ಕಡೆಗೆ ಹಿಡಿಯಿರಿ. ಆಗ ಅದು ಮುಖದ ಮೇಲೆ ಬೀಳುವ ಬೆಳಕನ್ನು ಅಳೆಯುತ್ತದೆ. ಬಟ್ಟೆ ಬಿಳಿಯೋ ಮೈ ಕಪ್ಪೋ, ಆ ಲೆಕ್ಕ ಬೇಕಿಲ್ಲ. ಆದರೆ ಲೆನ್ಸಿಗೆ ಫಿಲ್ಟರ್ ಹಾಕಿದರೆ ಅದು ನುಂಗುವ ಬೆಳಕನ್ನು ಕೂಡಿಸಲೇಬೇಕು: ಸಾಧಾರಣ ಹಳದಿಗೆ ಒಂದು ಸ್ಟಾಪ್, ಕಡು ಕೆಂಪಿಗೆ ಮೂರು. ಕಾಂಪೆನ್ಸೇಷನ್ ಗುಂಡಿ ಇಲ್ಲದ ಹಳೇ ಮೀಟರಿನಲ್ಲಿ ಫಿಲ್ಮಿನ ವೇಗ 100 ಇದ್ದಲ್ಲಿ 50 ಇಡಿ. ಒಂದು ಸ್ಟಾಪ್ ಕೂಡಿದಂತೆ. ಕೆಲಸ ಮುಗಿದ ಮೇಲೆ ಮೊದಲಿದ್ದಲ್ಲಿಗೆ ತನ್ನಿ. ಇಲ್ಲದಿದ್ದರೆ ಮುಂದಿನ ಫೋಟೋಗಳೆಲ್ಲ ಕೆಡುತ್ತವೆ.

ಇದು ಪಟ್ಟಣದವರ ವಿದ್ಯೆ ಎಂದುಕೊಳ್ಳಬೇಡಿ, ಮಕ್ಕಳೇ. ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿಯವರು ಛಾಯಾಗ್ರಹಣ ಕಲಿತದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. 1959ರ 'ಕಾಗಜ್ ಕೆ ಫೂಲ್' ಚಿತ್ರಕ್ಕೆ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋ ಒಳಕ್ಕೆ ತಿರುಗಿಸಿ, ಕತ್ತಲೆಯಲ್ಲಿ ಬೆಳಕಿನ ಕೋಲನ್ನೇ ನಿಲ್ಲಿಸಿದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಅದನ್ನು ಪಡೆದ ಮೊದಲ ಛಾಯಾಗ್ರಾಹಕರು ಅವರೇ. ಅದೇ ವಿದ್ಯೆ ಕಲಿಸುವ ಸರ್ಕಾರಿ ಸಂಸ್ಥೆ ಇಂದು ನಮ್ಮ ಪಕ್ಕದ ಹೆಸರಘಟ್ಟದಲ್ಲೇ ಇದೆ. ನೀವೂ ಸೇರಬಹುದು.

ಮನೆಯ ಮೊಬೈಲಿನಲ್ಲೂ ಇದೇ ಲೆಕ್ಕ. ಮುಖವನ್ನು ಬೆರಳಿನಿಂದ ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಮೇಲಕ್ಕೆ ಸರಿಸಿ.

ಊಟವಾದ ಮೇಲೆ ಮಹೋತ್ಸವದ ಗ್ರೂಪ್ ಫೋಟೋ ಇದೆ. ನಮ್ಮ ಗುರುಗಳು, ಅಡುಗೆಯ ಅಮ್ಮಂದಿರು, ಕೊನೆಯ ಸಾಲಿನ ಮಗು, ಎಲ್ಲರ ಮುಖವೂ ಗುರುತು ಸಿಗುವಂತೆ ಬರಬೇಕು. ಮೀಟರ್ ಹಿಡಿಯಲು ಎಂಟನೇ ತರಗತಿಯ ಇಬ್ಬರು ಬನ್ನಿ, ಲೆಕ್ಕ ನೀವೇ ಮಾಡಿ.