ಹಳೆಯ ಗಾಡಿಯೂ ಶಿಬಿರಯಾತ್ರೆಯೂ



ನಾರಾಯಣಪೇಟೆ, ಮಕ್ತಲ್‌ಗಳಿಂದ ಹೊರಟು ಜುರಾಲಾ ಅಣೆಕಟ್ಟನ್ನು ದಾಟಿ, ಕೃಷ್ಣಾ ತುಂಗಭದ್ರೆಗಳ ನಡುವಣ ಗದ್ವಾಲ ಸೀಮೆಯಲ್ಲಿ ಬಿಡಾರ ಹೂಡುವುದು ಎಳೆಯರಿಗೆ ಹಬ್ಬವೇ ಸರಿ. ಡೇರೆ, ಪಾತ್ರೆ, ನೀರಿನ ಪೀಪಾಯಿಗಳನ್ನು ಹೊರಲು ಹಳೆಯ ಪಿಕಪ್ ಗಾಡಿಯಾದರೂ ಸಾಕು. ಅದನ್ನು ಅಣಿಗೊಳಿಸುವ ಕ್ರಮವನ್ನು ಮಾತ್ರ ಅರಿತಿರಬೇಕು.

ಹಲವರು ಮೊದಲು ಬಣ್ಣವನ್ನೂ ಮೇಲ್ಚಾವಣಿಯನ್ನೂ ಯೋಚಿಸುತ್ತಾರೆ. ನಾವಾದರೋ ಮೊದಲು ಬ್ರೇಕನ್ನು ನೋಡಿರೆನ್ನುತ್ತೇವೆ. ಬ್ರೇಕ್ ಎಣ್ಣೆಯು ಗಾಳಿಯ ತೇವವನ್ನು ಹೀರಿ ಕಾಲಕ್ರಮದಲ್ಲಿ ಕೆಡುತ್ತದೆ. ಹಳೆಯ ಟಯರು ಸವೆಯದಿದ್ದರೂ ಬಿಸಿಲಿಗೆ ಬಿರಿಯುತ್ತದೆ. ಕಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಲೇಬಾರದು; ಕುದಿನೀರು ಚಿಮ್ಮುತ್ತದೆ. ಕಮಾನಿಗೆ ಇನ್ನೊಂದು ಪಟ್ಟಿ ಸೇರಿಸಿದರೆ ಗಾಡಿ ಕುಸಿಯುವುದು ತಪ್ಪೀತು. ಬ್ರೇಕಿನ ಬಲವು ಅದರಿಂದ ಹೆಚ್ಚದು. ಭಾರವಾದುದನ್ನು ತಳದಲ್ಲಿಡಬೇಕು, ಮೇಲೆ ಹೇರಿದರೆ ತಿರುವಿನಲ್ಲಿ ಗಾಡಿ ಮಗುಚೀತು. ಮನಬಂದಂತೆ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯೂ ತಡೆಯುತ್ತದೆ.

ಇನ್ನೊಂದು ಮಾತು. ಜಾತ್ರೆಗೆ, ಮದುವೆಗೆ ಗಾಡಿಯ ಹಿಂಬದಿಯಲ್ಲಿ ಮಕ್ಕಳನ್ನು ತುಂಬಿ ಒಯ್ಯುವ ರೂಢಿ ನಮ್ಮಲ್ಲಿದೆ. ಅಲ್ಲಿ ಬೆಂಚು ಹಾಕಿದರೂ, ನೆರಳು ಕಟ್ಟಿದರೂ ಅದು ಸಾಮಾನಿನ ಜಾಗವೇ. ಸಾಮಾನು ಗಾಡಿಯಲ್ಲಿ ಹೋಗಲಿ, ಮಕ್ಕಳು ಬಸ್ಸಿನಲ್ಲಿ ಹೋಗಲಿ. ಈ ಒಂದು ನಿಯಮವನ್ನು ತಪ್ಪದೆ ಪಾಲಿಸಿರೆಂದು ಪ್ರಾರ್ಥಿಸಿ ವಿರಮಿಸುತ್ತೇವೆ.