ತಲೆಯ ಒಡೆಯರನ್ನು ಕೇಳಿ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಶಾಲೆಯ ನೆನಪು ಹೇಳಿ ಎಂದಿದ್ದಾರೆ. ಹಂಚಿನ ಮಾಡು, ಮಳೆಗಾಲದ ಹಳ್ಳ ಇವನ್ನೆಲ್ಲ ನನಗಿಂತ ಮೊದಲು ಮಾತಾಡಿದವರು ಚೆನ್ನಾಗಿಯೇ ಹೇಳಿದರು. ನಾನು ಕೂದಲಿನ ವಿಷಯ ಹೇಳುತ್ತೇನೆ. ಯಾಕೆ ಎಂಬುದು ನನ್ನ ತಲೆ ನೋಡಿದರೆ ಗೊತ್ತಾಗುತ್ತದೆ.

ನಾವು ಸಿದ್ದಿ ಜನ. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರನ್ನು ತಂದರು. ಅಲ್ಲಿಂದ ತಪ್ಪಿಸಿಕೊಂಡು ಕಾಡು ಸೇರಿದವರೂ ನಮ್ಮ ಹಿರಿಯರಲ್ಲಿದ್ದಾರೆ. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಡೆ ನೆಲೆಸಿ ತಲೆಮಾರುಗಳೇ ಕಳೆದವು. ಮಾತು ಕನ್ನಡ, ಕೊಂಕಣಿ ಆಯಿತು. ಕೂದಲು ಮಾತ್ರ ಗುಂಗುರಾಗಿಯೇ ಉಳಿಯಿತು. ಬಸ್ಸಿನಲ್ಲಿ ಕೂತರೆ ಹಿಂದಿನಿಂದ ಒಂದು ಕೈ ಬಂದು ತಲೆ ಮುಟ್ಟುತ್ತದೆ. "ಇದು ನಿಜವಾದದ್ದಾ?" ಎಂಬ ಪ್ರಶ್ನೆ ಆಮೇಲೆ. ಮುಟ್ಟುವವರು ಕೆಟ್ಟವರು ಎನ್ನುವುದಿಲ್ಲ, ಕುತೂಹಲ. ಆದರೆ ಆ ಕೈ ನನ್ನ ಪಕ್ಕದಲ್ಲಿ ಕೂತವರ ಉದ್ದ ಜಡೆಯ ಮೇಲೆ ಹೋಗುವುದಿಲ್ಲವಲ್ಲ!

ಅಮೆರಿಕದ ಕಪ್ಪು ಜನರಿಗೂ ಇದೇ ಗೋಳು. ಲೂಯಿಸಿಯಾನಾದಲ್ಲಿ ಸ್ಪೇನಿನ ಗವರ್ನರ್ 1786ರಲ್ಲಿ, ಗುಲಾಮರಲ್ಲದ ಕಪ್ಪು ಹೆಂಗಸರೂ ತಲೆಗೆ ಬಟ್ಟೆ ಸುತ್ತಿಕೊಳ್ಳಬೇಕು ಎಂದು ಆಜ್ಞೆ ಮಾಡಿದ. ಅವರು ಬಣ್ಣಬಣ್ಣದ ಬಟ್ಟೆ ಸುತ್ತಿ ಇನ್ನೂ ಚಂದ ಕಂಡರಂತೆ. ಸಹಜ ಕೂದಲಿನ ಕಾರಣಕ್ಕೆ ಶಾಲೆಯಲ್ಲಿ, ಕೆಲಸದಲ್ಲಿ ಭೇದ ಮಾಡಬಾರದು ಎಂದು ಅಲ್ಲಿ ಒಂದು ರಾಜ್ಯ, ಕ್ಯಾಲಿಫೋರ್ನಿಯಾ, ಮೊದಲ ಬಾರಿ ಕಾನೂನು ಮಾಡಿದ್ದು 2019ರಲ್ಲಿ.

ಮಕ್ಕಳು ಇದನ್ನು ಕೇಳಬೇಕು. ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಒಂದು ಹೆಣ್ಣುಮಕ್ಕಳ ಹೈಸ್ಕೂಲು ಇದೆ. ಹಿಂದೆ ಬಿಳಿಯರಿಗೆ ಮಾತ್ರ ಪ್ರವೇಶ. 2016ರ ಆಗಸ್ಟಿನಲ್ಲಿ ಅಲ್ಲಿಯ ಕಪ್ಪು ಹುಡುಗಿಯರು, ನಮ್ಮ ಕೂದಲು ಹುಟ್ಟಿದಂತೆ ಇದ್ದರೆ ಅಶಿಸ್ತು ಹೇಗಾಗುತ್ತದೆ ಎಂದು ಕೇಳಿ ಪ್ರತಿಭಟಿಸಿದರು. ಮುಂದೆ ನಿಂತವರಲ್ಲಿ ಒಬ್ಬಳಿಗೆ 13 ವರ್ಷ. ಕೊನೆಗೆ ಶಿಕ್ಷಣ ಇಲಾಖೆ ಕೂದಲಿನ ಆ ನಿಯಮವನ್ನು ತಡೆಹಿಡಿಯಿತು.

ನಮ್ಮ ಕಾಲದಲ್ಲಿ ಇಲ್ಲಿಯೂ ಎರಡು ಜಡೆ, ರಿಬ್ಬನ್ ಕಡ್ಡಾಯ. ನನ್ನ ಕೂದಲಿಗೆ ರಿಬ್ಬನ್ ನಿಲ್ಲುತ್ತಿರಲಿಲ್ಲ. ಗುಂಗುರು ಕೂದಲಿನಲ್ಲಿ ನೆತ್ತಿಯ ಎಣ್ಣೆ ತುದಿಯವರೆಗೆ ಇಳಿಯುವುದಿಲ್ಲ, ಬೇಗ ಒಣಗುತ್ತದೆ. ಒಣಗಿದ್ದನ್ನು ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಎಳೆದರೆ ತುಂಡಾಗುತ್ತದೆ. ನಮ್ಮ ಅಕ್ಕೋರು ಒಬ್ಬರು ನನ್ನನ್ನು ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ಬಯ್ಯಲಿಲ್ಲ. ಪಕ್ಕಕ್ಕೆ ಕರೆದು, "ಮನೆಯಲ್ಲಿ ಅಮ್ಮ ಹೇಗೆ ಕಟ್ಟುತ್ತಾಳೆ, ಹಾಗೆಯೇ ಬಾ" ಎಂದರು. ಹತ್ತನೇ ತರಗತಿಯವರೆಗೆ ಹಾಗೆಯೇ ಬಂದೆ. ಅಷ್ಟು ಹೇಳದಿದ್ದರೆ ನಾನು ಶಾಲೆ ಬಿಡುತ್ತಿದ್ದೆನೋ ಏನೋ. ಈಗಿನ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ: ನಮ್ಮ ಕೇರಿಯ ಹುಡುಗಿಯರಿಗೂ ಆ ಮಾತು ಹೇಳಿ.

ಮುಟ್ಟಲೇಬಾರದು ಎಂದಲ್ಲ. 2009ರಲ್ಲಿ ಐದು ವರ್ಷದ ಕಪ್ಪು ಹುಡುಗನೊಬ್ಬ ಒಬಾಮಾ ಅವರನ್ನು, ನಿಮ್ಮ ಕೂದಲು ನನ್ನ ಕೂದಲಿನ ಹಾಗೆಯೇ ಇದೆಯೇ ಎಂದು ಕೇಳಿದ. ಅಮೆರಿಕದ ಅಧ್ಯಕ್ಷರು ಸೊಂಟ ಬಗ್ಗಿಸಿ, ನೀನೇ ಮುಟ್ಟಿ ನೋಡು ಎಂದು ತಲೆ ಒಡ್ಡಿದರು. ಆ ಫೋಟೋ ವರ್ಷಗಟ್ಟಲೆ ಶ್ವೇತಭವನದ ಗೋಡೆಯ ಮೇಲಿತ್ತು. ಹುಡುಗ ಮೊದಲು ಕೇಳಿದ, ತಲೆಯ ಒಡೆಯರು ಒಪ್ಪಿದರು.

ನನ್ನನ್ನೂ ಕೇಳಬಹುದು. ಒಲ್ಲೆ ಎಂದರೆ ಬೇಜಾರು ಮಾಡಿಕೊಳ್ಳಬೇಡಿ. ಹೇಗೆ ಬಾಚುತ್ತೀರಿ ಎಂದು ಕೇಳುವವರು ಊಟದ ಹೊತ್ತಿಗೆ ಬನ್ನಿ, ಅದು ದೊಡ್ಡ ಕತೆ.