ನಾಲ್ಕನೇ ಕಪ್ಪು ಮನೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಮಿತಿಯವರು ಫೋನ್ ಮಾಡಿ, "ನೀವು ಆರ್ಕೆಸ್ಟ್ರಾದವರು, ಎರಡು ಹಾಡು ಹೇಳಿಬಿಡಿ" ಅಂದರು. ನಾನು ಬಾರಿಸುವವನು, ಹಾಡುವವನಲ್ಲ. ನಾನು ಹಾಡಿದರೆ ಊಟಕ್ಕೆ ಮೊದಲೇ ಪೆಂಡಾಲು ಖಾಲಿಯಾಗುತ್ತದೆ. ಹತ್ತು ನಿಮಿಷ ಮಾತಾಡುತ್ತೇನೆ ಅಂದೆ. ವಿಷಯ ಕೇಳಿದರು. ಎಂಬತ್ತರ ದಶಕದ ಹಾಡುಗಳಲ್ಲಿ ಶ್ರುತಿ ಬದಲಾಗುತ್ತಿದ್ದ ಬಗೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲಿ" ಅಂದರು.

ನಮ್ಮ ಶಾಲೆಯ ಹಾರ್ಮೋನಿಯಂ ನಿಮಗೆಲ್ಲ ನೆನಪಿರಬೇಕು. ಸ್ಟಾಫ್ ರೂಮಿನಲ್ಲಿ ಭೂಪಟಗಳ ಪಕ್ಕ ಇರುತ್ತಿತ್ತು. ಒಂದು ಸ್ಥಾಯಿಯಲ್ಲಿ ಬಿಳಿ ಏಳು, ಕಪ್ಪು ಐದು, ಒಟ್ಟು ಹನ್ನೆರಡು ಮನೆ. ಅದರಲ್ಲಿ ನಾಲ್ಕನೇ ಕಪ್ಪು ಮನೆ ಸತ್ತಿತ್ತು. ಒತ್ತಿದರೆ ಬರೀ ಗಾಳಿ. ನಾವು ಪ್ರಾರ್ಥನೆ ಹೇಳುತ್ತಿದ್ದದ್ದು ಮೊದಲ ಬಿಳಿ ಮನೆಯನ್ನು ಷಡ್ಜ ಮಾಡಿಕೊಂಡು. ಆ ಹಾಡಿಗೆ ಆ ಕಪ್ಪು ಮನೆ ಬೇಕಾಗಿಯೇ ಇರಲಿಲ್ಲ. ಬೇಡದ ಮನೆಯನ್ನು ಯಾರು ರಿಪೇರಿ ಮಾಡಿಸುತ್ತಾರೆ?

ನಮ್ಮ ಸಂಗೀತದಲ್ಲಿ ತಂಬೂರಿ ಒಮ್ಮೆ ಹಿಡಿದ ಷಡ್ಜವನ್ನು ಕಛೇರಿ ಮುಗಿಯುವವರೆಗೆ ಬಿಡುವುದಿಲ್ಲ. ಗ್ರಹಭೇದ ಮಾಡುವ ವಿದ್ವಾಂಸರು ಮೋಹನದ ರಿಷಭವನ್ನೇ ಷಡ್ಜ ಅಂದುಕೊಂಡು ಮಧ್ಯಮಾವತಿ ತೋರಿಸುತ್ತಾರೆ, ಗಾಂಧಾರದಿಂದ ಹಿಂದೋಳ ತೋರಿಸುತ್ತಾರೆ. ಆದರೆ ಹಿಂದೆ ತಂಬೂರಿ ಹಳೆಯ ಷಡ್ಜವನ್ನೇ ಮೀಟುತ್ತಿರುತ್ತದೆ, ಅವರು ಬೇಗ ವಾಪಸು ಬರಲೇಬೇಕು. ಷಡ್ಜವೇ ಎದ್ದು ಬೇರೆ ಕಡೆ ಹೋಗಿ ಕೂರುವುದನ್ನು ನಾನು ಮೊದಲು ಕೇಳಿದ್ದು ಇಂಗ್ಲಿಷ್ ಹಾಡಿನಲ್ಲಿ.

ಐಟಿಐ ಕಾಲೊನಿಯಲ್ಲಿದ್ದ ಒಬ್ಬ ಅಣ್ಣ ಬ್ರಿಗೇಡ್ ರಸ್ತೆಯಿಂದ ಮೈಕಲ್ ಜಾಕ್ಸನ್ ಅವರ ಕ್ಯಾಸೆಟ್ ತಂದಿದ್ದರು, 1987ರ 'ಬ್ಯಾಡ್'. ಅದರ 'ಮ್ಯಾನ್ ಇನ್ ದ ಮಿರರ್' ಹಾಡು ಅರ್ಧ ದಾಟಿದ ಮೇಲೆ ಇದ್ದಕ್ಕಿದ್ದಂತೆ ಪಕ್ಕದ ಮನೆಗೆ ಏರುತ್ತದೆ. ಏರುವುದು 'ಬದಲಾವಣೆ' ಎಂಬ ಅರ್ಥದ ಪದದ ಮೇಲೆಯೇ. ಆಮೇಲೆ ಚರ್ಚಿನ ಗಾಯಕವೃಂದದ ಹಾಗೆ ಹತ್ತಾರು ಕಂಠ. ಬಾನ್ ಜೋವಿ ತಂಡದ 'ಲಿವಿನ್ ಆನ್ ಎ ಪ್ರೇಯರ್' ಕೊನೆಯಲ್ಲಿ ಒಂದಲ್ಲ, ಮೂರು ಮನೆ ಒಮ್ಮೆಗೇ ಹಾರುತ್ತದೆ. ನನಗೆ ಆಗ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ. ಮೈ ಜುಂ ಅನ್ನುವುದಕ್ಕೆ ಇಂಗ್ಲಿಷ್ ಬರಬೇಕಾಗಿಲ್ಲವಲ್ಲ.

ಈಗ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. 1988ರ ಜನವರಿಯ ಶಾಲಾ ವಾರ್ಷಿಕೋತ್ಸವ. ನನ್ನ ಜೊತೆಗಾರನೊಬ್ಬ ಹಾಡಬೇಕು, ನಾನು ಹಾರ್ಮೋನಿಯಂ. ಅವನ ಹೆಸರು ಹೇಳುವುದಿಲ್ಲ, ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾನೆ. ಹಾಡು 1981ರ 'ಗೀತಾ' ಚಿತ್ರದ್ದು. ಶಂಕರ್‌ನಾಗ್ ಚಿತ್ರ, ಇಳಯರಾಜ ಸಂಗೀತ. ಎರಡು ಚರಣ ಬಹಳ ಚೆನ್ನಾಗಿ ಹೇಳಿದ. ಕೊನೆಯ ಸಲ ಪಲ್ಲವಿಗೆ ಬರುವಾಗ ನಾನು, ಯಾರಿಗೂ ಹೇಳದೆ, ಜಾಕ್ಸನ್ ಮಾಡಿದ ಹಾಗೆ ಇಡೀ ಕೈಯನ್ನು ಪಕ್ಕದ ಕಪ್ಪು ಮನೆಗೆ ಸರಿಸಿಬಿಟ್ಟೆ. ಹೊಸ ಷಡ್ಜಕ್ಕೆ ಪಂಚಮ ಯಾವುದು ಗೊತ್ತೆ? ಅದೇ ನಾಲ್ಕನೇ ಕಪ್ಪು ಮನೆ. ಗಾಳಿ ಬಂತು. ಅವನು ಹಳೆಯ ಶ್ರುತಿಯಲ್ಲಿ, ನಾನು ಹೊಸದರಲ್ಲಿ, ಪಂಚಮ ಎಲ್ಲೂ ಇಲ್ಲ. ಸಭೆ ನಕ್ಕಿತು. ಅವನು ಮೈಕು ಬಿಟ್ಟು ಇಳಿದು ಹೋದ. "ಅವನೇ ಶ್ರುತಿ ಬಿಟ್ಟ" ಅಂತ ನಾನು ಮೇಷ್ಟ್ರ ಹತ್ತಿರ ಹೇಳಿದೆ. ಮೇಷ್ಟ್ರು ನಂಬಿದರು, ಏಕೆಂದರೆ ಹಾರ್ಮೋನಿಯಂ ಹೇಗೆ ಶ್ರುತಿ ಬಿಡುತ್ತದೆ? ಅವನು ಆಮೇಲೆ ಈ ಶಾಲೆಯಲ್ಲಿ ಹಾಡಲಿಲ್ಲ.

ನಾನು ಮಾಡಿದ ತಪ್ಪು ಏನು ಎಂಬುದು ನನಗೆ ತಿಳಿಯಲು ಮೂರು ವರ್ಷ ಬೇಕಾಯಿತು. ಹಗಲು ಕೆಲಸ, ಸಂಜೆ ಹಲಸೂರಿನ ಒಂದು ಆರ್ಕೆಸ್ಟ್ರಾ. ಸೋಮೇಶ್ವರ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಪ್ರಾಕ್ಟೀಸು. ಕನ್ನಡ, ತಮಿಳು, ಹಿಂದಿ ಎಲ್ಲ ಬಾರಿಸುತ್ತಿದ್ದೆವು. ಗಣೇಶನ ಪೆಂಡಾಲಿನ ಮೇಲೆ ನಮ್ಮ ವರ್ಷದ ಖರ್ಚು ನಡೆಯುತ್ತಿತ್ತು. ಗಿಟಾರ್ ನುಡಿಸುತ್ತಿದ್ದವರು ಶಿವಾಜಿನಗರದವರು, ಚರ್ಚಿನ ಕಾಯರ್‌ನಲ್ಲಿ ಬೆಳೆದವರು. ಸೆಪ್ಟೆಂಬರ್ 8ರ ಸೇಂಟ್ ಮೇರೀಸ್ ಹಬ್ಬಕ್ಕೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ದಂಡು ಪ್ರದೇಶದಲ್ಲಿ ಕಾರ್ಡ್ ಅನ್ನುವುದು ಸಿನಿಮಾಕ್ಕಿಂತ ಎಷ್ಟೋ ಮೊದಲೇ ಹೀಗೆ ಚರ್ಚುಗಳ ಮೂಲಕ ಬಂದು ಕೂತಿತ್ತು: ಒಂದೇ ಸಾಲನ್ನು ನಾಲ್ಕು ಗುಂಪು ನಾಲ್ಕು ಸ್ವರದಲ್ಲಿ ಹಾಡುವುದು.

ಅವರು ಮೊದಲು ನನ್ನ ಕೈಯಲ್ಲಿ ಒಂದು ಪರೀಕ್ಷೆ ಮಾಡಿಸಿದರು. ನೀವೂ ಮನೆಯಲ್ಲಿ ಮಾಡಿ ನೋಡಿ. ಬಾಯಲ್ಲಿ 'ಸಾ' ಹಿಡಿದುಕೊಳ್ಳಿ, ಬಿಡಬೇಡಿ. ಕೆಳಗೆ ಸ-ಗ-ಪ ಒತ್ತಿ: ನಿಮ್ಮ ಸಾ ಮನೆಯ ಯಜಮಾನ. ಮ-ದ-ಸ ಒತ್ತಿ: ಅದೇ ಸಾ ಪಂಚಮದಂತೆ ನಿಲ್ಲುತ್ತದೆ. ದ-ಸ-ಗ ಒತ್ತಿ: ಅದಕ್ಕೆ ದುಃಖ ಬರುತ್ತದೆ. ಈಗ ಶುದ್ಧ ಧೈವತ, ಷಡ್ಜ, ಸಾಧಾರಣ ಗಾಂಧಾರ ಒತ್ತಿ. ಹಾಡಿನ ರಾಗದಲ್ಲಿ ಇಲ್ಲದ ಎರಡು ಸ್ವರ, ಆದರೂ ಸಾ ತಪ್ಪಲಿಲ್ಲ. ಕಿಟಕಿ ತೆಗೆದ ಹಾಗಾಗುತ್ತದೆ. ಆ ಶುದ್ಧ ಧೈವತ ಇರುವುದು ನಾಲ್ಕನೇ ಕಪ್ಪು ಮನೆಯಲ್ಲಿ. ಐದು ವರ್ಷ ಶಾಲೆಯ ಪೆಟ್ಟಿಗೆ ಬಾರಿಸಿದರೂ ನನಗೆ ಕೇಳಿಸದೆ ಹೋಗಿದ್ದ ಸ್ವರ!

ಇಳಯರಾಜ ಅವರ ಹಾಡುಗಳು ನಮಗೆ ಏಕೆ ಹಾಗೆ ಹತ್ತಿಕೊಂಡವು ಎಂದು ಅಲ್ಲಿ ಅರ್ಥವಾಯಿತು. ಅವರು ನಮ್ಮ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರಾಗಿದ್ದವರು. ಚೆನ್ನೈಯಲ್ಲಿ ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸಂಗೀತ ಕಲಿತವರು. ಗಾಯಕರಿಗೆ ಹಳ್ಳಿಯವರೂ ಗುನುಗುವ ಸಾಲು ಕೊಡುತ್ತಾರೆ. ಕೆಳಗೆ ಬೇಸ್ ಗಿಟಾರ್ ಬೇರೆ ದಾರಿಯಲ್ಲಿ ನಡೆಯುತ್ತಾ ಅದೇ ಸಾಲಿನ ಬಣ್ಣ ಬದಲಿಸುತ್ತಿರುತ್ತದೆ. ಮಣಿರತ್ನಂ ಅವರ ಮೊದಲ ಚಿತ್ರ 1983ರ 'ಪಲ್ಲವಿ ಅನುಪಲ್ಲವಿ' ಕನ್ನಡದ್ದೇ. ಅದರ ಹಾಡುಗಳನ್ನು ಹೆಡ್‌ಫೋನ್ ಹಾಕಿಕೊಂಡು ಬೇಸ್ ಮಾತ್ರ ಹಿಂಬಾಲಿಸಿ ಕೇಳಿ. ಹಾಡನ್ನು ಎರಡನೇ ಸಲ ಹೊಸದಾಗಿ ಕೇಳಿದ ಹಾಗಿರುತ್ತದೆ.

ವಾರ್ಷಿಕೋತ್ಸವದ ಕಥೆ ಕೇಳಿ ಗಿಟಾರಿನವರು ನಗಲಿಲ್ಲ. "ಏರುವ ಮೊದಲು ಹೊಸ ಷಡ್ಜದ ಪಂಚಮದ ಕಾರ್ಡ್ ಒತ್ತಿದ್ಯಾ?" ಅಂದರು. ಇಲ್ಲ. "ಹಾಗಾದ್ರೆ ಆ ಹುಡುಗನಿಗೆ ದಾರಿ ಹೇಗೆ ಗೊತ್ತಾಗ್ಬೇಕು?" ಒತ್ತಿ ತೋರಿಸಿದರು: ಹೊಸ ಷಡ್ಜದ ಪ-ನಿ-ರಿ. ಪಕ್ಕದ ಮನೆಗೆ ಏರುವಾಗ ಹೊಸ ನಿಷಾದ ಯಾವುದೆಂದು ನೋಡಿ. ನಮ್ಮ ಹಳೆಯ ಷಡ್ಜವೇ! ಹಾಡುವವನು ಕದಲಬೇಕಾಗಿಲ್ಲ. ಅವನು ಹಿಡಿದ ಸಾ, ಹಿಡಿದಲ್ಲೇ ನಿ ಆಗುತ್ತದೆ. ನಿ ಆದ ಮೇಲೆ ಮೇಲಿನ ಸಾ ಒಂದೇ ಹೆಜ್ಜೆ, ಕಂಠ ತಾನಾಗಿ ಹೋಗುತ್ತದೆ. ಒಂದು ಅಳತೆ ಹೊತ್ತು ಆ ಕಾರ್ಡ್ ಹಿಡಿದಿದ್ದರೆ ಅವನು ಏರುತ್ತಿದ್ದ. ನಾನು ಅದನ್ನು ಕೊಡಲಿಲ್ಲ. ಆ ಪೆಟ್ಟಿಗೆಯಲ್ಲಿ ಕೊಡಲು ಪಂಚಮವೂ ಇರಲಿಲ್ಲ ಅನ್ನುವುದು ಬೇರೆ ಮಾತು. ಮುಂಚೆ ಬಾಯಿಬಿಟ್ಟು ಹೇಳುವುದಕ್ಕೆ ಯಾವ ರೀಡೂ ಬೇಕಾಗಿರಲಿಲ್ಲ.

ಈಗ ಇಂದಿರಾನಗರದಲ್ಲಿ ಮಕ್ಕಳಿಗೆ ಕೀಬೋರ್ಡ್ ಕಲಿಸುತ್ತೇನೆ. ಅವರ ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಶ್ರುತಿ ಏರುತ್ತದೆ. ಆದರೂ ಮೊದಲು ಕೈಯಲ್ಲಿ ಪ-ನಿ-ರಿ ಮಾಡಿಸುತ್ತೇನೆ. ಏಕೆ ಅಂತ ಕೇಳಿದವರಿಗೆ ಇಷ್ಟು ವರ್ಷ ಏನೇನೋ ಹೇಳಿದ್ದೇನೆ.

ಅಯ್ಯಾ ಗೆಳೆಯ, ಮೇಷ್ಟ್ರೂ ಇಲ್ಲೇ ಇದ್ದಾರೆ, ಅವರೆದುರಿಗೇ ಹೇಳುತ್ತೇನೆ. ಅವತ್ತು ಶ್ರುತಿ ಬಿಟ್ಟವನು ನೀನಲ್ಲ, ನಾನು. ಮೊನ್ನೆ ಸಮಿತಿಯವರ ಅನುಮತಿ ಪಡೆದು ಹಾರ್ಮೋನಿಯಂ ತೆಗೆದುಕೊಂಡು ಹೋಗಿ ಆ ರೀಡು ಹಾಕಿಸಿದ್ದೇನೆ. ಇಲ್ಲೇ ಇದೆ, ಕೇಳಿ, ಇದೇ ಆ ಮನೆ. ಬಾರೋ ಮೇಲಕ್ಕೆ. ಆಗ ಒಂದು ಮನೆಗೆ ಹಾಡುತ್ತಿದ್ದೆ, ಈಗ ನಮಗಿಬ್ಬರಿಗೂ ವಯಸ್ಸಾಗಿದೆ, ಬೇಕಾದರೆ ಇಳಿಸಿಕೊಳ್ಳೋಣ. ಶ್ರುತಿ ನೀನೇ ಹೇಳು.